ಅಜ್ಜಿ ಸೈಕಲ್ಲಿಗೆ ಬೆಲೆ ಎಷ್ಟು?

ಹಾಲೆಂಡಿಗೆ ಹೋಗಿ ಬಂದವರು ಟ್ಯುಲಿಪ್ ಹೂವಿನ ತೋಟದ ಬಗ್ಗೆ ಬರೆಯುತ್ತಾರೆ, ಗಾಳಿಗಿರಣಿಯ ಬಗ್ಗೆ ಬರೆಯುತ್ತಾರೆ. ಎರಡನ್ನೂ ನಾನು ನೋಡಿದೆ, ಚೆನ್ನಾಗಿವೆ. ಆದರೆ 2024ರ ಏಪ್ರಿಲ್‌ನಿಂದ ಜುಲೈ ಮೊದಲ ವಾರದವರೆಗೆ ಮಗಳ ಮನೆಯಲ್ಲಿದ್ದ ನನ್ನ ತಲೆ ತಿಂದದ್ದು ಹೂವೂ ಅಲ್ಲ, ಗಿರಣಿಯೂ ಅಲ್ಲ. ಹಳೇ ಸೈಕಲ್ಲು!

ಮಗಳು ಇರುವ ಊರು ಡೆಲ್ಫ್ಟ್. ಸುಮಾರು ಒಂದು ಲಕ್ಷ ಜನಸಂಖ್ಯೆ. ನಮ್ಮ ತಾಲ್ಲೂಕು ಕೇಂದ್ರಗಳ ಹಾಗೆಯೇ ಅರ್ಧ ದಿನದಲ್ಲಿ ನಡೆದು ಮುಗಿಸಬಹುದಾದ ಪಟ್ಟಣ. ವರ್ಮೀರ್ ಎಂಬ ಪ್ರಸಿದ್ಧ ಚಿತ್ರಕಾರ 1632ರಲ್ಲಿ ಹುಟ್ಟಿದ್ದು ಇಲ್ಲೇ. ಬಿಳಿಯ ಪಿಂಗಾಣಿಯ ಮೇಲೆ ನೀಲಿ ಬಣ್ಣದಲ್ಲಿ ಚಿತ್ರ ಬರೆದ ತಟ್ಟೆಗಳೂ ಈ ಊರಿನವೇ. ರಸ್ತೆಯ ಪಕ್ಕದಲ್ಲೇ ಕಾಲುವೆ, ಕಾಲುವೆಗೆ ಕಮಾನಿನ ಪುಟ್ಟ ಸೇತುವೆ, ಸೇತುವೆಯ ಕಂಬಿಗೆಲ್ಲ ಒರಗಿಸಿ ಕಟ್ಟಿದ ಸೈಕಲ್ಲುಗಳು. ರೈಲ್ವೆ ಸ್ಟೇಷನ್ನಿನ ನೆಲಮಾಳಿಗೆಗೆ ಇಳಿದರೆ ಎರಡಂತಸ್ತಿನ ಕಬ್ಬಿಣದ ಅಟ್ಟದ ಮೇಲೆ ಸಾವಿರಾರು ಸೈಕಲ್ಲು ಮಲಗಿವೆ. ದೇಶದ ಜನ ಒಂದು ಕೋಟಿ ಎಂಬತ್ತು ಲಕ್ಷದಷ್ಟಾದರೆ ಸೈಕಲ್ಲುಗಳು ಎರಡು ಕೋಟಿ ಮೂವತ್ತು ಲಕ್ಷದ ಆಸುಪಾಸಂತೆ. ಅಂದರೆ ತೊಟ್ಟಿಲ ಕೂಸಿನ ಲೆಕ್ಕಕ್ಕೂ ಒಂದು ಸೈಕಲ್ಲು ಕೊಟ್ಟು, ಮಿಕ್ಕದ್ದನ್ನು ಹಿತ್ತಿಲಲ್ಲಿ ಇಟ್ಟುಕೊಂಡ ಹಾಗೆ!

ಇಷ್ಟೊಂದು ಇರುವ ಕಡೆ ಹಳೆಯದು ಪುಕ್ಕಟೆ ಸಿಗಬೇಕಲ್ಲವೇ? ಸಂತೆಗೆ ಟೊಮೆಟೊ ಜಾಸ್ತಿ ಬಂದ ದಿನ ಕೇಳುವವರಿರುವುದಿಲ್ಲ ಎನ್ನುವುದು ನಮ್ಮ ಲೆಕ್ಕಾಚಾರ. ಅಲ್ಲಿ ಹಾಗಾಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದು ನನಗೆ ತಿಳಿಯಲು ಒಂಬತ್ತು ದಿನ ಬೇಕಾಯಿತು.

ನಾನು ಹೋಗಿ ಇನ್ನೂ ವಾರವಾಗಿರಲಿಲ್ಲ. ಅಂಗಡಿಯೊಂದರ ಮುಂದೆ ಕಂಬಕ್ಕೆ ಕಟ್ಟಿದ್ದ ಮಗಳ ಸೈಕಲ್ಲು ಸಂಜೆ ಬಂದು ನೋಡಿದರೆ ಇಲ್ಲ. ತುಂಡಾದ ಸರಪಳಿ ಮಾತ್ರ ನೆಲದ ಮೇಲೆ ಬಿದ್ದಿತ್ತು. ಮೊಮ್ಮಗಳಿಗೆ ಐದು ವರ್ಷ, ಶಾಲೆ ಎರಡೂವರೆ ಕಿಲೋಮೀಟರು ದೂರ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಎಂಟೂಕಾಲಿಗೆ ಶಾಲೆಯಲ್ಲಿ ಇಳಿಸಿ, ಎಂಟು ಮುಕ್ಕಾಲಿಗೆ ಆಫೀಸು ಸೇರುವವಳು ನನ್ನ ಮಗಳು. ಅಳಿಯ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ. ಮರುದಿನದಿಂದ ಏಳಕ್ಕೇ ಮಗುವನ್ನು ಎಬ್ಬಿಸಿ, ಆ ಚಳಿಗಾಳಿಯಲ್ಲಿ ನಡೆಸಿಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಮೂರನೇ ದಿನಕ್ಕೆ ಮಗುವಿಗೆ ನೆಗಡಿ, ನನಗೆ ಮಂಡಿನೋವು.

"ಹೊಸದೇ ತಗೊಂಡುಬಿಡೇ," ಎಂದೆ.

"ಅಮ್ಮಾ, ಸಾಧಾರಣದ್ದಕ್ಕೇ ಆರೇಳು ನೂರು ಯೂರೋ. ಅದೂ ಹೀಗೇ ಹೋದರೆ? ಹಳೇದು ನೋಡೋಣ," ಎಂದಳು.

ಆಗ ಯೂರೋ ಒಂದಕ್ಕೆ ಸುಮಾರು 90 ರೂಪಾಯಿ. ಮನಸ್ಸಿನಲ್ಲೇ ಗುಣಿಸಿದೆ, ಸುಮ್ಮನಾದೆ.

ಶನಿವಾರ ಅಮ್ಮ, ಮಗಳು, ಮೊಮ್ಮಗಳು ಮೂವರೂ ಹೊರಟೆವು. ಬೇಸಿಗೆಯ ಶನಿವಾರಗಳಲ್ಲಿ ಡೆಲ್ಫ್ಟಿನ ಕಾಲುವೆಯ ದಂಡೆಗುಂಟ ಹಳೇ ಸಾಮಾನಿನ ಸಂತೆ ಸೇರುತ್ತದೆ. ಅಜ್ಜಿ ಕಾಲದ ಪಿಂಗಾಣಿ, ಹಿತ್ತಾಳೆ ದೀಪ, ಕಸೂತಿ ಹಾಕಿದ ಮೇಜುಬಟ್ಟೆ ಎಲ್ಲ ಸಿಗುತ್ತವೆ. (ಕಸೂತಿ ನೋಡಿ ನಮ್ಮ ಧಾರವಾಡದ ಕಡೆಯವರು ಮೂಗು ಮುರಿದಾರು.) ಅಲ್ಲಿಂದ ಎರಡು ಬೀದಿ ದಾಟಿದರೆ ಹಳೇ ಸೈಕಲ್ಲಿನ ಅಂಗಡಿ. ಯಜಮಾನನಿಗೆ ಅರವತ್ತು ದಾಟಿರಬೇಕು, ಕೈಯೆಲ್ಲ ಗ್ರೀಸು. ಸಾಲಾಗಿ ನಿಂತ ಪ್ರತಿ ಸೈಕಲ್ಲಿನ ಹ್ಯಾಂಡಲ್ಲಿಗೂ ಬೆಲೆಚೀಟಿ. 120, 145, 180, 260.

ನೋಡಿದೆ. 145ರ ಸೈಕಲ್ಲು ಮಾಸಲು ಕಪ್ಪು, ಸೀಟಿನ ಚರ್ಮ ಬಿರಿದಿದೆ. ಅದರ ಪಕ್ಕದಲ್ಲಿ ಥಳಥಳ ಹೊಳೆಯುವ ಕೆಂಪು ಸೈಕಲ್ಲಿಗೆ 120! ಹೊಳೆಯುವುದು ಕಡಿಮೆ, ಮಾಸಿದ್ದು ಜಾಸ್ತಿ. ಇದೇನು ತಿರುಗುಮುರುಗು ಎಂದು ಮಗಳ ಮೂಲಕ ಕೇಳಿಸಿದೆ. ಅವರು ನಕ್ಕು, ನನ್ನ ಕೈ ಹಿಡಿಸಿಯೇ ಪಾಠ ಮಾಡಿದರು ಅನ್ನಿ. ಕೆಂಪು ಸೈಕಲ್ಲಿನ ಮುಂದಿನ ಚಕ್ರ ಎತ್ತಿ ತಿರುಗಿಸಿದರು. ರಿಮ್ಮು ಬ್ರೇಕಿನ ರಬ್ಬರಿಗೆ ಒಮ್ಮೆ ತಾಗಿ, ಒಮ್ಮೆ ದೂರ ಸರಿದು, ಕುಡಿದವನ ನಡಿಗೆಯ ಹಾಗೆ ವಾಲಾಡಿತು. ಬಣ್ಣ ಹೊಸದಾಗಿ ಬಳಿದದ್ದು. ಕಪ್ಪು ಸೈಕಲ್ಲಿನ ಚಕ್ರ ತಿರುಗಿಸಿದರೆ ಸುಯ್ಯೆಂದು ನೇರವಾಗಿ ಸುತ್ತಿ ಸದ್ದಿಲ್ಲದೆ ನಿಂತಿತು. ಅದು ಗಜೆಲ್ ಕಂಪನಿಯದು. 1892ರಲ್ಲಿ ಶುರುವಾದ ಕಂಪನಿ, ನಮ್ಮಲ್ಲಿ ಒಂದು ಕಾಲಕ್ಕೆ ರ‍್ಯಾಲಿ ಸೈಕಲ್ಲಿಗೆ ಇದ್ದ ಹಾಗೆ ಅಲ್ಲಿ ಅದಕ್ಕೆ ಹೆಸರು. ಹತ್ತು ವರ್ಷ ಹಳೆಯದಾದರೂ ಬೆಲೆ ಬಿಟ್ಟುಕೊಡುವುದಿಲ್ಲ.

ಹೊಸ ಸೈಕಲ್ಲಿನ ಬೆಲೆ ಮೊದಲ ಒಂದೆರಡು ವರ್ಷದಲ್ಲಿ ಧಡಕ್ಕನೆ ಇಳಿಯುತ್ತದೆ. ಆಮೇಲೆ ನಿಧಾನ. ಓಡುವ ಸ್ಥಿತಿಯಲ್ಲಿರುವ ಒಳ್ಳೆಯ ಸೈಕಲ್ಲು ನೂರರ ಹತ್ತಿರಕ್ಕೆ ಬಂದು ಅಲ್ಲೇ ಕೂತುಬಿಡುತ್ತದೆ. ಇನ್ನೂ ಐದು ವರ್ಷ ತುಳಿದು ಮಾರಿದರೂ ಹೆಚ್ಚುಕಡಿಮೆ ಅದೇ ದುಡ್ಡು. ಹಾಗಾಗಿ ಒಳ್ಳೇ ಹಳೇದು ಕೊಂಡವರಿಗೆ ನಷ್ಟ ಕಡಿಮೆ. ಚಿನ್ನದ ಒಡವೆಯ ಮಜೂರಿ, ವೇಸ್ಟೇಜು ಎಲ್ಲ ಮೊದಲು ಕೊಂಡವರ ತಲೆಗೆ ಕಟ್ಟಿ, ನಾವು ಬರೀ ಚಿನ್ನದ ತೂಕಕ್ಕೆ ಕೊಂಡ ಹಾಗೆ.

ಹಾಗಾದರೆ ಕಾಲುವೆಗೆ ಎಸೆಯುವುದೇಕೆ? ಆಮ್‌ಸ್ಟರ್‌ಡ್ಯಾಮ್ ಒಂದರಲ್ಲೇ ವರ್ಷಕ್ಕೆ ಹನ್ನೆರಡರಿಂದ ಹದಿನೈದು ಸಾವಿರ ಸೈಕಲ್ಲನ್ನು ಕಾಲುವೆಯ ಕೆಸರಿನಿಂದ ಎತ್ತುತ್ತಾರೆ. ಅದಕ್ಕೆಂದೇ ಕೊಕ್ಕೆಯಿರುವ ದೋಣಿಗಳಿವೆ. ಗಾಳಿಗೆ ಬಿದ್ದದ್ದು, ಕಳ್ಳರು ತಳ್ಳಿದ್ದು, ಕುಡಿದವರು ನೂಕಿದ್ದು ಎಲ್ಲ ಸೇರಿ ಇಷ್ಟು. ಯಾರಿಗೂ ಬೇಡವಾದ ಮುರುಕು ಸೈಕಲ್ಲುಗಳೂ ಊರೂರಿನ ಕಂಬಗಳಿಗೆ ಆತುಕೊಂಡು ತುಕ್ಕು ಹಿಡಿಯುತ್ತಿರುತ್ತವೆ. ಕಾರಣ ಕೈಗೆಲಸದ ಕೂಲಿ. ನಮ್ಮೂರಲ್ಲಿ ಪಂಕ್ಚರ್ ಹಾಕಿಸಲು ಐವತ್ತು ರೂಪಾಯಿ ಕೇಳಿದರೆ "ಜಾಸ್ತಿಯಾಯ್ತಪ್ಪಾ" ಎನ್ನುತ್ತೇವೆ. ಅಲ್ಲಿ ಅದಕ್ಕೆ ಹದಿನೈದು ಇಪ್ಪತ್ತು ಯೂರೋ. ಹಿಂದಿನ ಟೈರು ಬದಲಾಯಿಸಬೇಕೆಂದರೆ ನಲವತ್ತು ಐವತ್ತು. ಅವರ ಸೈಕಲ್ಲಿಗೆ ಚೈನು ಪೂರ್ತಿ ಮುಚ್ಚುವ ಡಬ್ಬಿಯಂಥ ಕವರು ಇರುತ್ತದೆ. ಸೀರೆ, ಪ್ಯಾಂಟು ಸಿಕ್ಕಿಕೊಳ್ಳದಂತೆ ಅದು ಬಹಳ ಒಳ್ಳೆಯದು, ಆದರೆ ಚಕ್ರ ಬಿಚ್ಚುವಾಗ ಅರ್ಧ ಗಂಟೆ ಹೆಚ್ಚು ಕೆಲಸ. ಹೀಗೆ ಎರಡು ರಿಪೇರಿ ಒಟ್ಟಿಗೆ ಬಂದರೆ ಸೈಕಲ್ಲಿನ ಬೆಲೆಗಿಂತ ಕೂಲಿಯೇ ಹೆಚ್ಚು. ಕಂಬಕ್ಕೆ ಬಿಟ್ಟುಹೋಗುತ್ತಾರೆ. ಪಂಕ್ಚರ್ ಹಾಕಲು ಮನೆಯಲ್ಲಿ ಒಬ್ಬರಿಗೆ ಬಂದರೆ ಆ ಮನೆಯ ಸೈಕಲ್ಲಿನ ಆಯುಸ್ಸು ಎರಡರಷ್ಟು. ನನಗೆ ಬರುತ್ತದೆ! ಬೋಗುಣಿಯ ನೀರಿನಲ್ಲಿ ಟ್ಯೂಬು ಅದ್ದಿ, ಗುಳ್ಳೆ ಹುಡುಕಿ, ಉಪ್ಪುಕಾಗದ ತಿಕ್ಕಿ, ಸಲ್ಯೂಷನ್ ಹಚ್ಚುವುದನ್ನು ಅಣ್ಣ ಕಲಿಸಿದ್ದ. ನಾಲ್ಕೈದು ಯೂರೋದ ಕಿಟ್ಟು ತಂದು ಪಕ್ಕದ ಮನೆಯ ಹುಡುಗನ ಸೈಕಲ್ಲಿಗೂ ಹಾಕಿಕೊಟ್ಟೆ. ಆ ಬೀದಿಯಲ್ಲಿ ನನಗೆ ಸಿಕ್ಕ ಮರ್ಯಾದೆ ನನ್ನ ಬಿಸಿಬೇಳೆಭಾತಿಗೂ ಸಿಗಲಿಲ್ಲ.

ಅಂಗಡಿಯ 145ರ ಸೈಕಲ್ಲು ಎತ್ತರವಾಯಿತು. ಮಗಳ ಕಾಲು ನೆಲಕ್ಕೆ ತಾಗಲಿಲ್ಲ. ಅಲ್ಲಿಯ ಹೆಂಗಸರು ತೆಂಗಿನಮರದಷ್ಟು ಎತ್ತರ, ನಮ್ಮ ಅಳತೆಯದು ಅಪರೂಪ. ಬರಿಗೈಲಿ ಹೊರಟೆವು.

ಅಂದು ಸಂಜೆ ಸೇತುವೆಯ ಹತ್ತಿರ ಒಬ್ಬ ಹುಡುಗ ಸೈಕಲ್ಲು ತಳ್ಳಿಕೊಂಡು ಎದುರಿಗೆ ಬಂದ. ಮಗಳ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಏನೋ ಹೇಳಿದ. "ಇಪ್ಪತ್ತೈದು ಯೂರೋ ಅಂತಾನೆ," ಎಂದಳು ಮಗಳು. ನೋಡಿದರೆ ಒಳ್ಳೆಯ ಸೈಕಲ್ಲು. ಗೇರು ಇದೆ, ಎತ್ತರವೂ ಸರಿ. ಹಿಂದಿನ ಚಕ್ರದ ಉಂಗುರದಂಥ ಬೀಗ ಮಾತ್ರ ಕಿತ್ತು ಬಂದಿದೆ. ಸೀಟಿನ ಕೆಳಗೆ ಮಗುವಿನ ಕೂರುಗುರ್ಚಿ ಸಿಕ್ಕಿಸುವ ಕೊಂಡಿ ಹಾಗೇ ಇದೆ.

ನನ್ನ ಕಣ್ಣು ಆ ಕೊಂಡಿಯ ಮೇಲೇ ನಿಂತಿತು. ಮಗಳೂ ಅದನ್ನೇ ನೋಡುತ್ತಿದ್ದಳು. ಯಾವ ಮನೆಯ ಮಗು ನಾಳೆ ನಡೆದುಕೊಂಡು ಶಾಲೆಗೆ ಹೋಗುತ್ತದೋ! ಮೊಮ್ಮಗಳು ಮಾತ್ರ ಸೀಟು ಮುಟ್ಟಿ "ಇದೇ ತಗೊಳ್ಳೋಣ" ಎಂದು ಹಟ. ಮಗಳು ತಲೆ ಅಲ್ಲಾಡಿಸಿ ಬೇಡವೆಂದಳು. ಹುಡುಗ ಇಪ್ಪತ್ತಕ್ಕೆ ಇಳಿದ, ಹದಿನೈದಕ್ಕೆ ಇಳಿದ. ನಾವು ನಿಲ್ಲಲಿಲ್ಲ. ಮನೆಗೆ ಬರುವ ತನಕ ಮೂವರಲ್ಲಿ ಯಾರೂ ಮಾತಾಡಲಿಲ್ಲ.

ಆ ದೇಶದಲ್ಲಿ ಹಳೇ ಸೈಕಲ್ಲಿನ ಬೆಲೆಯನ್ನು ಮುಕ್ಕಾಲು ಪಾಲು ನಿರ್ಧರಿಸುವವರು ಕಳ್ಳರೇ ಎಂದು ನನಗನ್ನಿಸಿದ್ದು ಆವತ್ತು. 2022ರಲ್ಲಿ ಪೊಲೀಸರ ಬಳಿ ದಾಖಲಾದ ಸೈಕಲ್ ಕಳ್ಳತನಗಳೇ ಎಂಬತ್ತು ಸಾವಿರಕ್ಕೂ ಹೆಚ್ಚು. ದೂರು ಕೊಡದವರು ಇನ್ನೆಷ್ಟೋ. ಕಳೆದುಹೋಗುವ ಭಯಕ್ಕೇ ಅನುಕೂಲಸ್ಥರೂ ಸ್ಟೇಷನ್ನಿಗೆ ಹೋಗಲು ಹಳೇ ಸೈಕಲ್ಲು ಇಟ್ಟುಕೊಳ್ಳುತ್ತಾರೆ, ಹೊಸದು ಮನೆಯೊಳಗೆ. ಹಳೆಯದಕ್ಕೆ ಗಿರಾಕಿ ತಪ್ಪದಿರಲು ಇದೇ ಕಾರಣ. ನೂರು ಯೂರೋದ ಸೈಕಲ್ಲಿಗೆ ಐವತ್ತು ಅರವತ್ತು ಯೂರೋದ ಸರಪಳಿ ಬೀಗ! ಆನೆಗಿಂತ ಅಂಕುಶಕ್ಕೆ ಹೆಚ್ಚು ಖರ್ಚು ಎನ್ನುವ ಹಾಗೆ. ಇನ್ನು ಕಾಯಿದೆ. ಅನುಮಾನ ಬರುವಷ್ಟು ಅಗ್ಗಕ್ಕೆ ಕದ್ದ ಸೈಕಲ್ಲು ಕೊಂಡರೆ ಕೊಂಡವರೂ ತಪ್ಪಿತಸ್ಥರೇ. ಪ್ರತಿ ಸೈಕಲ್ಲಿನ ಫ್ರೇಮಿನ ಮೇಲೆ ಒಂದು ನಂಬರು ಕೆತ್ತಿರುತ್ತದೆ. ಅಲ್ಲಿಯ ವಾಹನ ನೋಂದಣಿ ಇಲಾಖೆಯ ಪಟ್ಟಿಯಲ್ಲಿ ಆ ನಂಬರು ಹಾಕಿ, ಕದ್ದದ್ದೆಂದು ದೂರು ಇದೆಯೇ ಎಂದು ಕೊಳ್ಳುವ ಮೊದಲೇ ಯಾರು ಬೇಕಾದರೂ ನೋಡಬಹುದು.

ಸೈಕಲ್ಲು ಸಾಚಾ ಎನ್ನಲು ಇನ್ನೊಂದು ಗುರುತುಂಟು. ಅದು ಕೀಲಿಕೈ. ಹೊಸ ಸೈಕಲ್ಲಿನ ಉಂಗುರದ ಬೀಗಕ್ಕೆ ಎರಡು ಕೀಲಿಕೈ ಬರುತ್ತವೆ. ಮಾರುವವರು ಎರಡನ್ನೂ ಕೈಗಿಟ್ಟರೆ ಅರ್ಧ ಅನುಮಾನ ಅಲ್ಲೇ ಹೋಯಿತು. ಒಂದೇ ಇದ್ದರೆ ನಾಲ್ಕು ಮಾತು ಹೆಚ್ಚು ಕೇಳಬೇಕು. ಒಂದೂ ಇಲ್ಲದಿದ್ದರೆ ನಮಸ್ಕಾರ ಹೇಳಿ ಬರಬೇಕು. ಮೂಲ ಬಿಲ್ಲು ಇದ್ದರಂತೂ ಹತ್ತಿಪ್ಪತ್ತು ಯೂರೋ ಹೆಚ್ಚು ಕೊಟ್ಟರೂ ಮೋಸವಿಲ್ಲ.

ನಮ್ಮ ಕಡೆಯೂ ಸೈಕಲ್ಲಿಗೊಂದು ಗುರುತಿತ್ತು, ನೆನಪಿದೆಯೇ? ಪುರಸಭೆಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ, ತಗಡಿನ ಬಿಲ್ಲೆ ತಂದು ಸಿಕ್ಕಿಸಬೇಕಿತ್ತು. ಬಿಲ್ಲೆಯಿಲ್ಲದೆ ಸಿಕ್ಕಿಬಿದ್ದರೆ ಚಕ್ರದ ಗಾಳಿ ಹೋಗುತ್ತಿತ್ತು. ಹಾಲೆಂಡಿನಲ್ಲೂ 1924ರಿಂದ 1941ರವರೆಗೆ ಇಂಥದೇ ತೆರಿಗೆ, ಇಂಥದೇ ಬಿಲ್ಲೆ ಇತ್ತಂತೆ. ಕಾಲುವೆ ಸಂತೆಯಲ್ಲಿ ಅಂಥ ಒಂದು ಹಳೇ ಬಿಲ್ಲೆ ನೋಡಿ, ಪರದೇಶದಲ್ಲಿ ನಮ್ಮೂರಿನವರು ಸಿಕ್ಕಷ್ಟು ಖುಷಿಯಾಯಿತು.

ತಿಂಗಳ ಬಾಡಿಗೆಗೆ ಸೈಕಲ್ಲು ಕೊಡುವ ಕಂಪನಿಯೂ ಇದೆ. ಅದು 2014ರಲ್ಲಿ ಹುಟ್ಟಿದ್ದು ಇದೇ ಡೆಲ್ಫ್ಟಿನಲ್ಲಿ, ಮುಂದಿನ ಟೈರಿಗೆ ನೀಲಿ ಬಣ್ಣ, ದೂರದಿಂದಲೇ ಗುರುತು ಸಿಗುತ್ತದೆ. ಕೆಟ್ಟರೆ ಅವರೇ ಸರಿಮಾಡಿಕೊಡುತ್ತಾರೆ. ತಿಂಗಳಿಗೆ ಇಪ್ಪತ್ತರ ಆಸುಪಾಸು ಎಂದರೆ ವರ್ಷಕ್ಕೆ 240. ಒಂದು ವರ್ಷಕ್ಕೆ ಬಂದು ಹೋಗುವ ವಿದ್ಯಾರ್ಥಿಗೆ ಅದು ಸರಿಯೇನೋ. ಸಂಸಾರಸ್ಥರಿಗೆ, ಅದರಲ್ಲೂ ಪಂಕ್ಚರ್ ಹಾಕುವ ಅಮ್ಮ ಇರುವವರಿಗೆ, ದಂಡ.

ಕೊನೆಗೆ ನಮಗೆ ಸಿಕ್ಕಿದ್ದು ಒಬ್ಬ ಅಜ್ಜಿಯ ಸೈಕಲ್ಲು. ಆ ಮಾದರಿಯ ಹೆಸರೂ ಅಲ್ಲಿ 'ಓಮಾಫೀಟ್ಸ್' ಎಂದೇ. ಓಮಾ ಎಂದರೆ ಅಜ್ಜಿ, ಫೀಟ್ಸ್ ಎಂದರೆ ಸೈಕಲ್ಲು. ನಡುವೆ ಅಡ್ಡಕಂಬಿಯಿಲ್ಲ, ಹ್ಯಾಂಡಲ್ಲು ಮೈಕಡೆಗೆ ಬಾಗಿರುತ್ತದೆ, ಬೆನ್ನು ನೇರ ಮಾಡಿಕೊಂಡು ರಾಣಿಯ ಹಾಗೆ ಕೂರಬಹುದು. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು. ಮಾರುತ್ತೇನೆಂದು ಫೋನಿನಲ್ಲಿ ಜಾಹೀರಾತು ಹಾಕಿದ್ದು ಅವರ ಮೊಮ್ಮಗ, ಬೆಲೆ 130. ಹೋಗಿ ನೋಡಿದರೆ ಎಪ್ಪತ್ತೆಂಟರ ಅಜ್ಜಿಯೇ ಬಾಗಿಲು ತೆರೆದರು. ಎರಡು ಸಲ ಬಿದ್ದಿದ್ದಾರೆ. ಇನ್ನು ಮೂರು ಚಕ್ರದ್ದೇ ಸರಿ ಎಂದು ಮನೆಯವರೆಲ್ಲ ಹೇಳಿ ಒಪ್ಪಿಸಿದ್ದಾರೆ. ಇದು ಇಪ್ಪತ್ತೆರಡು ವರ್ಷದ ಸೈಕಲ್ಲು. ಷೆಡ್ಡಿನೊಳಗೆ ಬಟ್ಟೆ ಹೊದಿಸಿ ನಿಲ್ಲಿಸಿದ್ದರು.

ಅಂಗಡಿಯಲ್ಲಿ ಕಲಿತದ್ದನ್ನೆಲ್ಲ ನಾನು ಪ್ರಯೋಗಿಸಿದೆ. ಚಕ್ರ ಎತ್ತಿ ತಿರುಗಿಸಿದೆ, ನೇರವಾಗಿತ್ತು. ಪೆಡಲಿನ ತೋಳು ಹಿಡಿದು ಪಕ್ಕಕ್ಕೆ ಅಲುಗಿಸಿದೆ, ಲಟಲಟ ಎನ್ನಲಿಲ್ಲ. ಟೈರಿನ ಬದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಮುಂದಿನದು ಸರಿ, ಹಿಂದಿನದರಲ್ಲಿ ಕೂದಲೆಳೆಯ ಸೀಳು. ಬದನೆಕಾಯಿ ಆರಿಸುವ ಕೈಗೆ ಇದೇನು ಕಷ್ಟವೇ? ಫ್ರೇಮಿನ ನಂಬರನ್ನು ಮಗಳು ಫೋನಿನಲ್ಲಿ ಪರೀಕ್ಷಿಸಿದಳು. ಅಜ್ಜಿ ಬೇಸರಪಟ್ಟುಕೊಳ್ಳಲಿಲ್ಲ, ತಾವೇ ಬಗ್ಗಿ ನಂಬರು ಓದಿ ಹೇಳಿದರು.

"ಟೈರು ಹೋಗಿದೆ, ನೂರಕ್ಕೆ ಕೇಳು," ಎಂದೆ ಕನ್ನಡದಲ್ಲಿ.

ಮಗಳು ಕೇಳಿದಳು. ಅಜ್ಜಿ ಟೈರನ್ನು ಮುಟ್ಟಿ ನೋಡಿ, ಹೌದೆಂದು ತಲೆಯಾಡಿಸಿ, 110 ಎಂದರು. ಆಮೇಲೆ ಅವರೇ ಒಂದು ಪ್ರಶ್ನೆ ಹಾಕಿದರು. ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಒಳಗೋ, ಬೀದಿಯಲ್ಲೋ? ಮನೆಯ ಕೆಳಗೆ ಬೀಗ ಹಾಕುವ ಕೋಣೆಯಿದೆ ಎಂದಾಗ ಮುಖ ಸಡಿಲವಾಯಿತು. ಮೊಮ್ಮಕ್ಕಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಇದರ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು ಅವರೇ ಅಂತೆ. ಅವರು ಚಿಕ್ಕ ತಾಯಿಯಾಗಿದ್ದ ಕಾಲದಲ್ಲಿ ಈ ದೇಶದಲ್ಲೂ ರಸ್ತೆಯೆಲ್ಲ ಕಾರುಗಳದೇ. 1971ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಕ್ಕೆ 3,200ಕ್ಕೂ ಹೆಚ್ಚು ಜನ ಬಲಿಯಾದರು, ಅದರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ಮಕ್ಕಳ ಕೊಲೆ ನಿಲ್ಲಿಸಿ ಎಂದು 1972ರಲ್ಲಿ ತಂದೆ ತಾಯಿಯರು ಬೀದಿಗಿಳಿದರು. ಮರುವರ್ಷ ಪೆಟ್ರೋಲಿಗೆ ತತ್ವಾರ ಬಂದು 1973ರ ನವೆಂಬರ್ 4ರ ಭಾನುವಾರದಿಂದ ಕೆಲವು ಭಾನುವಾರ ಕಾರುಗಳೇ ಬಂದ್. ಸೈಕಲ್ಲಿಗೆಂದೇ ಕೆಂಪು ದಾರಿಗಳು ಊರೂರಿಗೂ ಹಬ್ಬಿದ್ದು ಅದರ ನಂತರದ ವರ್ಷಗಳಲ್ಲಿ. ಆ ದಾರಿ ಇಲ್ಲದಿದ್ದರೆ ಇಪ್ಪತ್ತೆರಡು ವರ್ಷದ ಹಳೇ ಸೈಕಲ್ಲಿಗೆ 110 ಯೂರೋ ಯಾರು ಕೊಟ್ಟಾರು?

ಅಜ್ಜಿ ಒಳಗೆ ಹೋಗಿ ಡಬ್ಬಿಯೊಂದನ್ನು ತಂದರು. ಕೆಂಪು ದಾರ ಕಟ್ಟಿದ ಎರಡು ಕೀಲಿಕೈ, ಮಡಿಸಿಟ್ಟ ಬಿಲ್ಲು, ಜೊತೆಗೆ ಮಳೆ ಬಂದರೆ ಸೀಟಿಗೆ ಹಾಕುವ ಟೋಪಿ. ನಾನು ಬ್ಯಾಗಿನಲ್ಲಿದ್ದ ಕೊಬ್ಬರಿಮಿಠಾಯಿಯ ಪೊಟ್ಟಣ ಕೊಟ್ಟೆ. ನಾವು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದರು. ನಮ್ಮನ್ನು ನೋಡುತ್ತಿದ್ದರೋ, ಸೈಕಲ್ಲನ್ನೋ!

ಬೆಲೆಗೆ ಋತುವೂ ಉಂಟು, ಮಾವಿನಹಣ್ಣಿನ ಹಾಗೆ. ಜೂನ್ ಜುಲೈಯಲ್ಲಿ ಓದು ಮುಗಿಸಿದ ವಿದ್ಯಾರ್ಥಿಗಳು ಊರು ಬಿಡುತ್ತಾರೆ, ಸಿಕ್ಕಷ್ಟಕ್ಕೆ ಮಾರುತ್ತಾರೆ. ನಾನು ಪಂಕ್ಚರ್ ಹಾಕಿಕೊಟ್ಟ ಪಕ್ಕದ ಮನೆ ಹುಡುಗ ವಿಮಾನಕ್ಕೆ ಎರಡು ದಿನವಿರುವಾಗ ನಲವತ್ತು ಯೂರೋಗೆ ಕೊಟ್ಟುಹೋದ. ಆಗಸ್ಟ್ ಕೊನೆಗೆ ಹೊಸ ಮಕ್ಕಳ ದಂಡು ಇಳಿಯುತ್ತದೆ, ಅಂಥದ್ದೇ ಸೈಕಲ್ಲು ನೂರು ದಾಟುತ್ತದೆ. ಚಿಕ್ಕಮಕ್ಕಳ ಸೈಕಲ್ಲು ಬೇಕಿದ್ದರೆ ಏಪ್ರಿಲ್ 27, ಅಲ್ಲಿಯ ರಾಜನ ಹುಟ್ಟುಹಬ್ಬ. ಅಂದು ಮಕ್ಕಳೇ ಬೀದಿಯಲ್ಲಿ ಚಾಪೆ ಹಾಸಿ ತಮ್ಮ ಹಳೇ ಆಟಿಕೆ, ಪುಸ್ತಕ, ಸೈಕಲ್ಲು ಮಾರುತ್ತಾರೆ. ಮೊಮ್ಮಗಳಿಗೆ ಹದಿನೈದು ಯೂರೋಗೆ ಹಳದಿ ಸೈಕಲ್ಲು ಸಿಕ್ಕಿತು. ಮಾರಿದವನಿಗೆ ಎಂಟು ವರ್ಷವಿರಬೇಕು. ಹತ್ತಕ್ಕೆ ಕೇಳಿದೆ. ಬೆಲ್ಲು ಎರಡು ಸಲ ಬಾರಿಸಿ ತೋರಿಸಿ, ಹದಿನೈದೇ ಎಂದ. ನಮ್ಮ ಸಂತೆಯ ಸೊಪ್ಪಿನವಳನ್ನು ಸೋಲಿಸುವ ಗಟ್ಟಿಗ!

ಊರಿಗೆ ಬಂದ ವಾರದಲ್ಲೇ ಗುಜರಿಯವನು ಬಂದ. ಹಿತ್ತಿಲಲ್ಲಿ ನನ್ನ ಮಗಳು ಹೈಸ್ಕೂಲಿಗೆ ತುಳಿಯುತ್ತಿದ್ದ ಲೇಡೀಸ್ ಸೈಕಲ್ಲು ನಿಂತಿತ್ತು. ತಕ್ಕಡಿ ತೆಗೆದು, ಕೆ.ಜಿ.ಗೆ ಇಪ್ಪತ್ತೈದರಂತೆ ನಾನೂರೈವತ್ತು ರೂಪಾಯಿ ಎಂದ. ನಮ್ಮ ಯಜಮಾನರು ಕೊಟ್ಟೇಬಿಡುತ್ತಿದ್ದರು. ತಡೆದು, ಚಕ್ರ ಎತ್ತಿ ತಿರುಗಿಸಿದೆ. ರಿಮ್ಮು ನೇರವಾಗಿತ್ತು! ಸೈಕಲ್ ಷಾಪಿಗೆ ಕಳಿಸಿ ಎರಡು ಟೈರು, ಟ್ಯೂಬು, ಬ್ರೇಕಿನ ರಬ್ಬರು ಹಾಕಿಸಿ, ಓವರಾಯಿಲಿಂಗ್ ಮಾಡಿಸಿದೆ. ಸಾವಿರದ ನೂರು ಖರ್ಚಾಯಿತು. ಗಾರ್ಮೆಂಟ್ಸ್‌ಗೆ ಹೋಗುವ ಹಿಂದಿನ ಬೀದಿಯ ಹುಡುಗಿ ಎರಡು ಸಾವಿರಕ್ಕೆ ತೆಗೆದುಕೊಂಡಳು, ಎರಡು ಕಂತಿನಲ್ಲಿ. ಆಟೋಗೆ ದಿನಾ ಕೊಡುತ್ತಿದ್ದ ನಲವತ್ತು ರೂಪಾಯಿ ಉಳಿಯುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದಳು.

ದುಡ್ಡು ಎಣಿಸಿ ಕೊಟ್ಟ ಮೇಲೆ ಅವಳೇ ಕೇಳಿದಳು, "ಆಂಟೀ, ಬೀಗದ ಕೀ ಇನ್ನೊಂದು ಇರ್ಬೇಕಲ್ವಾ?" ಅಂದಿನಿಂದ ಮನೆಯ ಡಬ್ಬಿ ಡ್ರಾಯರೆಲ್ಲ ಹುಡುಕುತ್ತಿದ್ದೇನೆ.